ನಕ್ಷೆಯಲ್ಲಿ ಇಲ್ಲದ ಮನೆಯವಳು

"ಇಲ್ಲಿ ಮನೆ ಇಲ್ಲ ಅಂತಿದೆ," ಎಂದ ಅವನು, ಕೈಯಲ್ಲಿದ್ದ ನಕ್ಷೆಯಿಂದ ತಲೆ ಎತ್ತದೆ.

"ಹಾಗಾದ್ರೆ ನೀವು ನಿಂತಿರೋದು ಯಾರ ಅಂಗಳದಲ್ಲಿ?" ಎಂದಳು ಸುಕನ್ಯಾ.

ಆಗ ಅವನು ತಲೆ ಎತ್ತಿದ. ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆ, ಒಲೆಯ ಹೊಗೆ, ಸೊಂಟದ ಮೇಲೆ ಕೊಡ ಇಟ್ಟುಕೊಂಡು ತನ್ನನ್ನೇ ದುರುಗುಟ್ಟಿ ನೋಡುತ್ತಿದ್ದ ಹುಡುಗಿ. ಅವನ ಇನ್ನೊಂದು ಕೈಯಲ್ಲಿ ಹಳದಿ ಬಣ್ಣದ ಡಬ್ಬಿ ಇತ್ತು. ಅಂಗಳದ ಬಂಡೆಯ ಮೇಲೆ ಆಗಲೇ ಒಂದು ಹಳದಿ ಗೆರೆ ಬಿದ್ದಿತ್ತು.

ಅವನು ನಂದನ್. ಚಿಕ್ಕಮಗಳೂರಿನ ಕಚೇರಿಯೊಂದರಲ್ಲಿ ಜಾಗ ಅಳೆದು ನಕ್ಷೆ ಮಾಡುವ ಕೆಲಸ. ಕಳಸದಿಂದ ಸಂಸೆಗೆ ಹೋಗುವ ದಾರಿಯಲ್ಲಿ, ಎಸ್ಟೇಟಿನ ಮೇಲಂಚಿಗೆ ಅಂಟಿಕೊಂಡ, ತೋಟದ ಕೂಲಿಯವರ ನೆಲ್ಲಿಕುಡಿಗೆ ಕಾಲೋನಿಯ ಮೂವತ್ತೊಂದು ಮನೆಗಳು ಅವನ ನಕ್ಷೆಯಲ್ಲಿ ಇರಲಿಲ್ಲ. ಮೂರು ತಲೆಮಾರು ಅಲ್ಲಿ ಬಾಳಿದ್ದರೂ ಕಾಗದದ ಮೇಲೆ ಅದು ಬರೀ ಇಳಿಜಾರು.

ಆ ಬೇಸಿಗೆ ಎಲ್ಲರ ಬಾಯಲ್ಲೂ ಒಂದೇ ಮಾತು, ಹೊಸ ಭೂ ಬಳಕೆ ಮಸೂದೆ. ಇಷ್ಟು ದಿನ ಕಡಿದಾದ ಗುಡ್ಡದಲ್ಲಿ ಕಟ್ಟಡ ಏಳಿಸುವಂತಿರಲಿಲ್ಲ. ಇನ್ನು ಮುಂದೆ ಅಲ್ಲಿ ವಾಸ ಇರುವವರು ಒಪ್ಪಿದರೆ, ಅಥವಾ ಅಲ್ಲಿ ಯಾರೂ ಇಲ್ಲದಿದ್ದರೆ, ತೋಟದ ಜಾಗವನ್ನು ರೆಸಾರ್ಟುಗಳ ಹಳದಿ ವಲಯಕ್ಕೆ ಸೇರಿಸಬಹುದಂತೆ! ಕಳಸದ ಹೋಟೆಲುಗಳಲ್ಲಿ ಲೋಟದ ಕಾಫಿ ಆರುವವರೆಗೂ ಜಗಳ. ಬರೀ ಕಾಫಿ ನಂಬಿ ಬದುಕೋಕಾಗಲ್ಲ, ಮಕ್ಕಳಿಗೆ ಇಲ್ಲೇ ಕೆಲಸ ಸಿಗಲಿ ಎನ್ನುವವರು ಕೆಲವರು. ಗುಡ್ಡವೇ ಜಾರಿದರೆ ಕೆಲಸ ಮಾಡಲು ಉಳಿಯುವವರು ಯಾರು ಎನ್ನುವವರು ಇನ್ನು ಕೆಲವರು. ಎರಡೂ ಕಡೆ ಸ್ವಲ್ಪ ಸ್ವಲ್ಪ ಸತ್ಯ ಇದ್ದದ್ದೇ ಕಷ್ಟವಾಗಿತ್ತು.

ಎಸ್ಟೇಟಿನ ಮಾಲೀಕರಾದ ಮಲ್ಲಿಕಾರ್ಜುನ ಮಾತ್ರ ಮಸೂದೆಗೆ ಕಾಯಲಿಲ್ಲ. ಕಾಲೋನಿಯ ನೆತ್ತಿಯ ಮೇಲೆ ಜೆಸಿಬಿ ಹತ್ತಿಸಿ ರಸ್ತೆ ಕೊರೆಸಿದರು. ಅಂದಿನಿಂದ ಒರತೆಯ ನೀರು ಕೆಂಪಗೆ ಬರತೊಡಗಿತು. ನಾಯಿಗಳು ಮೇಲಿನ ದಾರಿ ಹತ್ತುವುದನ್ನೇ ಬಿಟ್ಟವು.

ನಂದನ್ ಮತ್ತೆ ಬಂದ, ಈ ಸಲ ಡಬ್ಬಿ ಇಲ್ಲದೆ. ಒಂದೊಂದೇ ಮನೆಯನ್ನು ನಕ್ಷೆಗೆ ಏರಿಸತೊಡಗಿದ. ಮನೆಗಳ ಹಿಂದೆ ತರಗೆಲೆಯ ಅಡಿಯಲ್ಲಿ ಉದ್ದಕ್ಕೂ ಓಡಿದ್ದ ಬಿರುಕನ್ನು ಮೊದಲು ಕಂಡವನೂ ಅವನೇ. ಮೊದಲ ವಾರ ಅದರಲ್ಲಿ ಎರಡು ಬೆರಳು ಹಿಡಿಸುತ್ತಿದ್ದವು. ನಾಲ್ಕನೇ ವಾರ ಇಡೀ ಅಂಗೈ.

"ಮಳೆ ಹಿಡಿಯೋದ್ರೊಳಗೆ ಏನಾದ್ರೂ ಮಾಡ್ಬೇಕು," ಎಂದು ಅವನು ಮೆಲ್ಲಗೆ ಹೇಳಿದಾಗ ಸುಕನ್ಯಾಳಿಗೆ ಹೆದರಿಕೆಯೂ ಆಯಿತು, ಹೆದರಿಕೆ ಹಂಚಿಕೊಳ್ಳಲು ಒಬ್ಬ ಸಿಕ್ಕಿದ ಎಂಬ ಸಮಾಧಾನವೂ ಆಯಿತು. ಅವನು ಬರುವ ಮಂಗಳವಾರಗಳಿಗೆ ಅವಳು ಕಾಯತೊಡಗಿದಳು. ಬಿರುಕು ಅಗಲವಾಗುತ್ತಿದ್ದ ಹಾಗೆ ಪ್ರೀತಿಯೂ ಬೆಳೆಯಿತು ಎಂದರೆ ಯಾರಾದರೂ ನಕ್ಕಾರು... ಆದರೆ ಆದದ್ದು ಹಾಗೆಯೇ.

ಸುಕನ್ಯಾ ಕೆಲಸ ಮಾಡುತ್ತಿದ್ದದ್ದು ಕಳಸದ ಒಂದು ಝೆರಾಕ್ಸ್ ಅಂಗಡಿಯಲ್ಲಿ. ಮೇ ತಿಂಗಳ ಕೊನೆಗೆ ಒಂದು ಬೆಳಿಗ್ಗೆ, ಎಸ್ಟೇಟಿನ ಲೆಕ್ಕ, ಹಾಜರಿ ಬರೆಯುವ ರೈಟರ್ ಓಂಕಾರಪ್ಪ ಒಂದು ಫೈಲು ತಂದು ಐದು ಪ್ರತಿ ಕೇಳಿದ. ಹಾಳೆ ತಿರುವಿ ಹಾಕುತ್ತಿದ್ದ ಅವಳ ಕೈ ನಿಂತಿತು.

'ನೆಲ್ಲಿಕುಡಿಗೆ ನಿವಾಸಿಗಳಾದ ನಾವು ವಲಯ ಬದಲಾವಣೆಗೆ ಒಪ್ಪಿರುತ್ತೇವೆ.' ಕೆಳಗೆ ಕಾಲೋನಿಯ ಹಿರಿಯರೆಲ್ಲರ ಸಹಿ, ಹೆಬ್ಬೆಟ್ಟು. ಅಜ್ಜಿ ಹುಚ್ಚಮ್ಮನದೂ ಇತ್ತು. ಅದರ ಮುಂದೆಯೇ ಅಜ್ಜ ದಾಸಯ್ಯನ ಹೆಸರು, ಹೆಬ್ಬೆಟ್ಟಿನ ಗುರುತು!

ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ಹಾಳೆಯ ತಲೆಯಲ್ಲಿ ಊರು, ದಿನಾಂಕ ಬರೆದಿದ್ದ ಅಕ್ಷರ ನಂದನ್‌ನದು. ಆ ಅಕ್ಷರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ರೈಟರ್‌ಗೆ ಕಾಣದಂತೆ ಅವಳು ಆರನೇ ಪ್ರತಿ ತೆಗೆದಿಟ್ಟುಕೊಂಡಳು.

ಸಂಜೆ ನಂದನ್ ಅಂಗಡಿಗೆ ಬಂದಾಗ ಆ ಪ್ರತಿಯನ್ನು ಅವನ ಮುಂದೆ ಎಸೆದಳು. "ಸತ್ತವರ ಹತ್ರನೂ ಒಪ್ಪಿಗೆ ತಗೊಂಡ್ರಾ ಸಾರ್?"

ಅವನು ಹಾಳೆ ಎತ್ತಿಕೊಂಡು ಅಜ್ಜನ ಹೆಸರಿನ ಮೇಲೆ ಬೆರಳಿಟ್ಟ.

"ಈ ಹಾಳೆ ನಂದೇ," ಎಂದ. ಮತ್ತೆ ಒಂದು ಮಾತೂ ಆಡದೆ ಹೊರಟುಹೋದ.

'ಅಷ್ಟೇನಾ? ಬಿರುಕು ಅಳೆದದ್ದು, ಮಳೆಗೆ ಮೊದಲು ಏನಾದ್ರೂ ಮಾಡ್ಬೇಕು ಅಂದದ್ದು, ಎಲ್ಲಾ ಸಹಿಗಾಗಿ ಆಡಿದ ನಾಟಕವಾ?' ಸುಕನ್ಯಾ ಶಟರ್ ಎಳೆದು ಒಳಗೇ ಕೂತು ಅತ್ತಳು. ಮುಂದಿನ ಮಂಗಳವಾರ ಅವನು ಬರಲಿಲ್ಲ. ಬಿರುಕಿಗೆ ಅವಳೇ ಕೈ ಇಳಿಸಿ ನೋಡಿದಳು. ಮೊಣಕೈವರೆಗೂ ಹೋಯಿತು, ತಳ ಸಿಗಲಿಲ್ಲ. ಒಳಗೆ ಎಲ್ಲೋ ನೀರು ಹರಿಯುವ ಸದ್ದು ಮಾತ್ರ ಕೇಳಿಸಿತು.

ಮಸೂದೆಯ ಮೇಲೆ ಜನರ ಅಹವಾಲು ಕೇಳುವ ಸಭೆ ಚಿಕ್ಕಮಗಳೂರಿನಲ್ಲಿ ಜೂನ್ ಮೊದಲ ವಾರ ಇತ್ತು. ಅಜ್ಜಿಯನ್ನು ಕರೆದುಕೊಂಡು ಬೆಳಗಿನ ಬಸ್ಸು ಹತ್ತಿದ ಸುಕನ್ಯಾ ದಾರಿಯಲ್ಲಿ ಆ ಪ್ರತಿಯನ್ನು ತೋರಿಸಿದಳು. ಅಜ್ಜನ ಹೆಬ್ಬೆಟ್ಟನ್ನು ಯಾರು ಕದ್ದರೋ ನೋಡು ಎಂದಳು.

ಹುಚ್ಚಮ್ಮ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದಳು.

"ಯಾರೂ ಕದ್ದಿಲ್ಲ ಮಗಾ. ಅದೂ ನಂದೇ."

ಬಿರುಕಿನ ವಿಷಯ ತಿಳಿಸಲು ನಂದನ್ ಕಾಲೋನಿಯಲ್ಲಿ ಸಭೆ ಕರೆದಿದ್ದ ದಿನ, ಸುಕನ್ಯಾ ಅಂಗಡಿಯಲ್ಲಿದ್ದಾಗ ನಡೆದದ್ದನ್ನು ಅಜ್ಜಿ ನಿಧಾನವಾಗಿ ಹೇಳಿದಳು. ಯಾರ್ಯಾರು ಬಂದಿದ್ದಾರೆ ಎಂದು ಬರೆದುಕೊಳ್ಳಲು ನಂದನ್ ಹಾಳೆ ಇಟ್ಟಿದ್ದ. ರೈಟರ್ ಮೇಜಿನ ಮುಂದೆ ಕೂತು, ಬೆಳಗಿನ ಹಾಜರಿಗೆ ಕರೆಯುವ ದನಿಯಲ್ಲೇ ಹಳೇ ಪುಸ್ತಕ ನೋಡಿ ಹೆಸರು ಕರೆಯತೊಡಗಿದ. ಆ ದನಿ ಕೇಳಿದರೆ ಸಾಕು, ಕಾಲೋನಿಯವರ ಕಾಲು ತಾನಾಗಿ ಸಾಲಿಗೆ ಹೋಗುತ್ತದೆ, ಯಾತಕ್ಕೆ ಎಂದು ಯಾರೂ ಕೇಳುವುದಿಲ್ಲ. ಪುಸ್ತಕದಲ್ಲಿ ದಾಸಯ್ಯನ ಹೆಸರನ್ನು ಇನ್ನೂ ಹೊಡೆದುಹಾಕಿರಲಿಲ್ಲ.

"ಅವ್ರಿಗೆ ಕಿವಿ ಕೇಳ್ತಿರ್ಲಿಲ್ಲ ಅಲ್ವಾ... ಮೂವತ್ತು ವರ್ಷ ಅವ್ರ ಹೆಸರಿಗೆ ಓ ಅಂದಿದ್ದು ನಾನೇ. ಅವತ್ತೂ ಕರೆದ್ರು. ಸುಮ್ನೆ ನಿಲ್ಲಕ್ಕಾಗ್ಲಿಲ್ಲ ಮಗಾ, ಓ ಅಂದು ಒತ್ತಿಬಿಟ್ಟೆ."

ಸುಕನ್ಯಾ ಅಜ್ಜಿಯ ಒರಟು ಬೆರಳನ್ನು ಹಿಡಿದುಕೊಂಡಳು. ಒಪ್ಪಿಗೆಯ ಸಾಲು ಆಮೇಲೆ ಸೇರಿದ್ದು ಎಂದು ಈಗ ಅವಳಿಗೆ ಅರ್ಥವಾಯಿತು. ಆದರೆ ನಂದನ್ ಯಾಕೆ ಬಾಯಿ ಬಿಡಲಿಲ್ಲ ಎಂಬುದು ಮಾತ್ರ ತಿಳಿಯಲಿಲ್ಲ.

ಸಭೆ ಕಿಕ್ಕಿರಿದಿತ್ತು. ತೋಟದವರು ಒಂದು ಕಡೆ, ಕೂಲಿಯವರು ಒಂದು ಕಡೆ. ಹೊರಗೆ ಮೋಡ ಎಷ್ಟು ಕವಿದಿತ್ತೆಂದರೆ ಹಗಲಿನಲ್ಲೇ ದೀಪ ಹಾಕಿದ್ದರು. ನೆಲ್ಲಿಕುಡಿಗೆಯ ಜನ ಪೂರ್ತಿ ಒಪ್ಪಿದ್ದಾರೆ, ಮಸೂದೆ ಪಾಸಾದ ಕೂಡಲೇ ಆ ಇಳಿಜಾರನ್ನು ಹಳದಿಗೆ ಸೇರಿಸಬಹುದು ಎಂದು ಅಧಿಕಾರಿ ಓದಿದರು.

ಹಿಂದಿನ ಸಾಲಿನಿಂದ ನಂದನ್ ಎದ್ದ.

"ಅದು ಬರೀ ಹಾಜರಿ ಹಾಳೆ ಸಾರ್. ಉಳಿದವರ ಸಹಿ ಮಾಡಿಸ್ಕೊಂಡು ಬನ್ನಿ ಅಂತ ರೈಟರ್ ಕೈಗೆ ಕೊಟ್ಟಿದ್ದೆ. ಪ್ರತಿ ಮಾಡಿಸಿ ಅವರು ವಾಪಸ್ ತಂದಾಗ ಓದದೆ ಅವತ್ತೇ ಮೇಲಕ್ಕೆ ಕಳಿಸಿದೆ. ತಪ್ಪು ನಂದು. ಆ ಜನ ಯಾವುದಕ್ಕೂ ಒಪ್ಪಿಲ್ಲ."

ಸಭೆಯಲ್ಲಿ ಗುಜುಗುಜು ಎದ್ದಿತು. ಹಾಳೆಯಲ್ಲಿ ದಾಸಯ್ಯನ ಹೆಸರು ಕಂಡ ಯಾರೋ, ಸತ್ತವನ ಹೆಬ್ಬೆಟ್ಟು ಯಾರು ಒತ್ತಿದ್ದು ಎಂದು ಕೇಳಿದರು. ನಂದನ್ ತುಟಿ ಬಿಚ್ಚಲಿಲ್ಲ. ಅವನು ಯಾರನ್ನು ಕಾಪಾಡುತ್ತಿದ್ದಾನೆ ಎಂದು ಸುಕನ್ಯಾಳಿಗೆ ಆ ಕ್ಷಣ ಹೊಳೆಯಿತು. ಅಷ್ಟರಲ್ಲಿ ಹುಚ್ಚಮ್ಮನೇ ಎದ್ದು ನಿಂತಿದ್ದಳು. ಸುಕನ್ಯಾ ಮೈಕನ್ನು ಅಜ್ಜಿಯ ಬಾಯಿಯ ಹತ್ತಿರ ಹಿಡಿದಳು, ಅಜ್ಜಿ ಎಲ್ಲವನ್ನೂ ಹೇಳಿದಳು. ಬಿರುಕಿನ ಅಳತೆಯನ್ನು ವಾರ ವಾರದ ಲೆಕ್ಕದಲ್ಲಿ ಹೇಳಿದವಳು ಸುಕನ್ಯಾ.

ಒಪ್ಪಿಗೆ ಹಾಳೆಯನ್ನು ಕೈಬಿಟ್ಟರು, ಮೇಲಿನ ರಸ್ತೆ ಕೆಲಸ ನಿಲ್ಲಿಸಲು ಹೇಳಿದರು. ಮಸೂದೆ ಮಾತ್ರ ಹಾಗೇ ಸದನಕ್ಕೆ ಹೋಗುತ್ತದೆ. ಗುಡ್ಡದ ಬಿರುಕು ಯಾರ ಆದೇಶವನ್ನೂ ಕೇಳುವುದಿಲ್ಲ.

ನಂದನ್ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಕೆಲಸದಿಂದ ಅಮಾನತು ಮಾಡುತ್ತೇವೆ ಎಂದು ಆಗಲೇ ಹೇಳಿಯಾಗಿತ್ತು. ಸುಕನ್ಯಾ ಪಕ್ಕದಲ್ಲಿ ಬಂದು ಕೂತಳು.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಅಜ್ಜಿ ಎರಡು ಸಲ ಒತ್ತಿದ್ದು ನೋಡಿದ್ದೆ. ಅಜ್ಜ ಕೆಲಸಕ್ಕೆ ಹೋಗಿರ್ಬೇಕು ಅಂದ್ಕೊಂಡೆ. ತೀರಿಕೊಂಡಿದಾರೆ ಅಂತ ನೀನು ಹೇಳಿದಾಗ್ಲೇ ಗೊತ್ತಾಗಿದ್ದು. ಬಾಯಿ ಬಿಟ್ರೆ ಕೇಸು ಅಜ್ಜಿ ಮೇಲೆ ಬರ್ತಿತ್ತು."

ಅವಳು ಕಣ್ಣು ಒರೆಸಿಕೊಂಡಳು. ದೂರದಲ್ಲಿ ಗುಡುಗಿತು. ಇಬ್ಬರೂ ಒಟ್ಟಿಗೇ ಪಶ್ಚಿಮದ ಕಡೆ ನೋಡಿದರು.

"ನಂಗೆ ನೀನು ಬೇಕು ಸುಕನ್ಯಾ," ಎಂದ ಅವನು.

"ಅಜ್ಜಿ ಆ ಮನೆ ಬಿಡಲ್ಲ. ಅಜ್ಜಿನ ನಾನು ಬಿಡಲ್ಲ. ನಮ್ಮ ತಲೆ ಮೇಲೆ ಆ ಗುಡ್ಡ ಇದೆ... ಬನ್ನಿ ಅಂತ ಹೇಗೆ ಕರೀಲಿ ನಿಮ್ಮನ್ನ?"

"ಆ ಗುಡ್ಡ ಅಳೆದವನು ನಾನು. ಗೊತ್ತಿದ್ದೇ ಕೇಳ್ತಿದೀನಿ."

ಮೊದಲ ಹನಿ ಮೆಟ್ಟಿಲ ಮೇಲೆ ಬಿತ್ತು. ಸುಕನ್ಯಾ ಅವನ ಕೈ ಹಿಡಿದು ಎದ್ದಳು.

"ಹಾಗಾದ್ರೆ ಬೇಗ ನಡೀರಿ. ಕಳಸದ ಬಸ್ಸಲ್ಲಿ ಅಜ್ಜಿ ಮೂರು ಸೀಟು ಹಿಡ್ಕೊಂಡು ಕೂತಿದಾರೆ."