ಮಾರ್ಚ್ ಹದಿನಾಲ್ಕರ ಪತ್ರ

ಮೇಷ್ಟ್ರ ಮನೆಯ ಮೂರನೆಯ ಕಪಾಟಿನಲ್ಲಿದ್ದ ಪಾಚಿಯ ಮಾದರಿಗಳ ಲಕೋಟೆಗಳಿಗೆ ಅವಳು ಸಂಖ್ಯೆ ಹಾಕುತ್ತಿದ್ದಳು. ಇನ್ನೂರ ಹನ್ನೊಂದಕ್ಕೆ ಬಂದಾಗ ಮೇಷ್ಟ್ರ ಮಗ ಒಳಗೆ ಬಂದು, ಅಚ್ಚಿಗೆ ಹೋಗಲಿರುವ ಪಾಚಿಗಳ ಪುಸ್ತಕದ ಮುಖಪುಟವನ್ನು ಮೇಜಿನ ಮೇಲಿಟ್ಟ. ಅದರ ಮೇಲೆ ಹೋದ ವರ್ಷ ತೀರಿಕೊಂಡ ಮೇಷ್ಟ್ರ ಹೆಸರೊಂದೇ ಇತ್ತು.

"ನಿಮ್ಮ ಹೆಸರೂ ಇದೆ ಅಕ್ಕಾ, ಒಳಗಡೆ. ಸಹಾಯ ಮಾಡಿದವರು ಅಂತ."

"ಏನು ಸಹಾಯ?"

"ಚಿತ್ರ, ಬರವಣಿಗೆ, ಎಲ್ಲಾ ಸೇರಿಸಿ." ಅವನು ನಕ್ಕ. "ಅಪ್ಪನ ಬಲಗೈ ಆಗಿದ್ರಲ್ಲ ನೀವು!"

ಬಲಗೈ. ಇಪ್ಪತ್ತೆರಡು ವರ್ಷ ಕಣ್ಣಿಗೆ ಭೂತಗನ್ನಡಿ ಹಿಡಿದು ಬರೆದ ನಾನೂರು ಚಿತ್ರಗಳು, ನಾನೂರು ವಿವರಣೆಗಳು ಅವಳವು. ಮೇಷ್ಟ್ರು ಅವನ್ನು ತಿದ್ದಿ, ತಮ್ಮ ಕಂಪ್ಯೂಟರಿನಲ್ಲಿ ಟೈಪು ಮಾಡಿಕೊಂಡು, ಕರಡು ಹಾಳೆಗಳನ್ನು ಹರಿದು ಬುಟ್ಟಿಗೆ ಹಾಕುತ್ತಿದ್ದರು. "ಮೊದಲು ನಿನ್ನ ಹೆಸರು, ಆಮೇಲೆ ನಂದು" ಎಂದು ಬಾಯಲ್ಲಿ ಹೇಳಿದ್ದರೇ ಹೊರತು ಎಲ್ಲೂ ಬರೆದಿಡಲಿಲ್ಲ. ಬರೆದುಕೊಡಿ ಎಂದು ಕೇಳುವುದು ಅವಳಿಗೆ ಸಣ್ಣತನವೆನಿಸಿತ್ತು.

"ಚೆನ್ನಾಗಿ ಬಂದಿದೆ" ಎಂದಷ್ಟೇ ಹೇಳಿ, ಮುಂದಿನ ಲಕೋಟೆಯ ಮೇಲೆ ಇನ್ನೂರ ಹನ್ನೆರಡು ಎಂದು ಬರೆದಳು.

ಮೇಷ್ಟ್ರು ಬರೆಯದೆ ಉಳಿಸಿಹೋದ ಪತ್ರವನ್ನು ತಾನು ಬರೆದರಾಯಿತು. ಅದರಲ್ಲಿ ಸುಳ್ಳೇನಿದೆ? ತಡವಾಗಿ ಬಂದ ನಿಜ, ಅಷ್ಟೇ.

ಪತ್ರಕ್ಕೆ ಹಾಕುವ ದಿನವನ್ನು ಅವಳು ಅಳೆದೂ ಸುರಿದೂ ಆರಿಸಿದಳು. ನಾಲ್ಕು ವರ್ಷದ ಹಿಂದಿನ ಮಾರ್ಚ್ ಹದಿನಾಲ್ಕು. ಆಗಿನ್ನೂ ಮೇಷ್ಟ್ರಿಗೆ ಪಾರ್ಶ್ವವಾಯು ಹೊಡೆದಿರಲಿಲ್ಲ. ಆ ವಾರವಿಡೀ ಅವಳು ತಂಗಿಯ ಹೆರಿಗೆಗೆಂದು ಪರವೂರಿನಲ್ಲಿದ್ದಳು. ಇಲ್ಲದವಳ ಮೇಲೆ ಯಾರು ಬೆರಳು ತೋರಿಸಿಯಾರು? ಪತ್ರದ ಮಾತುಗಳನ್ನು ಮನಸ್ಸಿನಲ್ಲೇ ಹೊಸೆದಳು. "ತರುವಾಯ" ಎಂಬುದು ಮೇಷ್ಟ್ರ ಮೆಚ್ಚಿನ ಪದ. ಅದನ್ನು ಎರಡು ಕಡೆ ಇಡಬೇಕು, ಮೂರನೆಯದು ಅತಿಯಾದೀತು.

ವರ್ಷದಿಂದ ಮುಟ್ಟದೆ ಬಿದ್ದಿದ್ದ ಕಂಪ್ಯೂಟರನ್ನು ಹಚ್ಚಿದರೆ ಅದು ಯಾವುದೋ ಓಬೀರಾಯನ ಕಾಲದ ತಾರೀಖು ತೋರಿಸಿತು. ಅವಳು ಪೇಟೆಯ ರಿಪೇರಿ ಅಂಗಡಿಗೆ ಹೋದಳು.

"ಮದರ್‌ಬೋರ್ಡ್ ಬ್ಯಾಟರಿ ಸತ್ತಿದೆ ಅಮ್ಮಾ. ಗುಂಡಗೆ, ಬಟನ್ ಥರ ಇರುತ್ತೆ ನೋಡಿ, ಇದೇ. ಕರೆಂಟ್ ಇಲ್ದಾಗ ಗಡಿಯಾರ ಓಡ್ಸೋದು ಇದು" ಎಂದ ಅಂಗಡಿಯವನು.

"ಹೊಸದು ಎಷ್ಟು ವರ್ಷ ಬರುತ್ತೆ?"

"ಮೂರು, ಐದು. ನಸೀಬಿದ್ರೆ ಹತ್ತು. ನನ್ನ ಮೊಣಕಾಲಿಗಿಂತ ಗಟ್ಟಿ ಬಿಡಿ."

ಅಷ್ಟು ಸಾಕಾಗಿತ್ತು. ಈ ಒಂದು ವರ್ಷ ಮುಟ್ಟದೆ ಬಿಟ್ಟಿದ್ದಕ್ಕೇ ಹಳೆಯದು ಸತ್ತಿರಬೇಕು. ಗಡಿಯಾರ ತಪ್ಪಿದ ಯಂತ್ರದ ಸಾಕ್ಷಿಯನ್ನು ಯಾರು ನಂಬುತ್ತಾರೆ? ಮಂಗಳವಾರ ಬೆಳಗ್ಗೆ ಮೇಷ್ಟ್ರ ಹೆಂಡತಿ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಬ್ಯಾಟರಿ ಬದಲಿಸಿದಳು. ತಾರೀಖನ್ನು ಆ ಮಾರ್ಚಿಗೆ ತಿರುಗಿಸಿ, ಪ್ರಕಾಶಕರಿಗೆ ಹನ್ನೆರಡು ಸಾಲು ಬರೆದು ಉಳಿಸಿದಳು. ಮತ್ತೆ ಇವತ್ತಿಗೆ ಮರಳಿ, ಉಳಿಸಿದ ಪತ್ರದ ದಿನಾಂಕವನ್ನು ಪರೀಕ್ಷಿಸಿದಳು. ಮಾರ್ಚ್ ಹದಿನಾಲ್ಕು, ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಎರಡು ದಿನ ಬಿಟ್ಟು ಮಗನಿಗೆ ಹೇಳಿದಳು: "ಅಪ್ಪ ಮುನ್ನುಡಿ ಏನಾದ್ರೂ ಬರ್ದಿಟ್ಟಿದ್ರೇನೋ. ಕಂಪ್ಯೂಟರನ್ನ ಒಂದ್ಸಲ ಯಾರಿಗಾದ್ರೂ ತೋರ್ಸಪ್ಪಾ."

ಪ್ರಕಾಶಕರು ಕಂಪ್ಯೂಟರ್ ಬಲ್ಲವನೊಬ್ಬನನ್ನು ಕಳಿಸಿದರು. ಅವನು ಪತ್ರವನ್ನು ಗಟ್ಟಿಯಾಗಿ ಓದಿದ. ಮಗನ ಮುಖ ಕಪ್ಪಿಟ್ಟಿತು. ಮೇಷ್ಟ್ರ ಹೆಂಡತಿ ಅವಳ ಕೈ ಹಿಡಿದುಕೊಂಡು, "ನಂಗೊತ್ತಿತ್ತು ಕಣೇ. ಅವರು ನಿನ್ನ ಬಿಟ್ಟುಕೊಡೋರಲ್ಲ" ಎಂದು ಕಣ್ಣೊರೆಸಿಕೊಂಡರು. ಇಪ್ಪತ್ತೆರಡು ವರ್ಷದ ಭಾರ ಹೆಗಲಿನಿಂದ ಇಳಿದಂತಾಯಿತು ಅವಳಿಗೆ.

"ಯಾವಾಗ ಬರೆದಿದ್ದು?" ಮಗ ಕೇಳಿದ. ಬಂದವನು ಎಲ್ಲವನ್ನೂ ದಿನಾಂಕದ ಪ್ರಕಾರ ಸಾಲಾಗಿ ನಿಲ್ಲಿಸಿ, ಹುಬ್ಬೇರಿಸಿ, ಪರದೆಯನ್ನು ಎಲ್ಲರ ಕಡೆ ತಿರುಗಿಸಿದ. ಪುಸ್ತಕದ ಅಧ್ಯಾಯಗಳು, ಕಾಗದಗಳು, ಸಾವಿರದಷ್ಟು ಬರಹ. ಎಲ್ಲದರ ಮುಂದೆಯೂ ಒಂದೇ ದಿನ: ಯಂತ್ರ ತಯಾರಾದ ವರ್ಷದ ಜನವರಿ ಒಂದು. ಮೇಷ್ಟ್ರ ಕೊನೆಯ ಒಂಬತ್ತು ವರ್ಷಗಳೆಲ್ಲ ಅದೊಂದೇ ದಿನದೊಳಗೆ ಮುಗಿದುಹೋಗಿದ್ದವು. "ಅಯ್ಯೋ, ಅದಕ್ಕೆ ಯಾವತ್ತು ತಾರೀಖು ಸರಿಯಾಗಿತ್ತು?" ಎಂದರು ಮೇಷ್ಟ್ರ ಹೆಂಡತಿ ಮುಗ್ಧವಾಗಿ. "ಎದ್ದು ಬರೋವಾಗ ಪ್ಲಗ್ ಕಿತ್ತೇ ಬರೋರು. ಈ ಡಬ್ಬಕ್ಕೆ ದಿನಾ ಹೊಸ ವರ್ಷ ಕಣೇ ಅಂತ ನಗೋರು." ಮಗ ನಿಧಾನವಾಗಿ ಅವಳ ಕಡೆ ತಿರುಗಿದ. ಆ ಪುಸ್ತಕ ತನ್ನದೆಂದು ಇನ್ನು ಯಾವತ್ತೂ, ಯಾರ ಮುಂದೆಯೂ ಬಾಯಿ ಬಿಡುವುದಿಲ್ಲವೆಂದು ಅವಳು ನಿಂತಲ್ಲೇ ನಿರ್ಧರಿಸಿದಳು. ಪರದೆಯ ಮೇಲೆ, ಆ ಸಾವಿರ ತಪ್ಪು ತಾರೀಖುಗಳ ತುದಿಯಲ್ಲಿ, ಅವಳ ಪತ್ರವೊಂದಕ್ಕೇ ಸರಿಯಾದ ದಿನ ಗೊತ್ತಿತ್ತು.