ತೂಬಿಗಿಟ್ಟ ಅರಿಶಿನ

2025ರ ಸೆಪ್ಟೆಂಬರ್ 30, ಮಂಗಳವಾರ. ಮಾರನೆಯ ದಿನ ಆಯುಧಪೂಜೆ. ಕೆಂಗೇರಿ ಉಪನಗರದಾಚೆಯ ಆ ಠಾಣೆಯಲ್ಲೂ ಬೆಳಿಗ್ಗೆಯಿಂದ ಜೀಪು ತೊಳೆಯುವುದು, ಬಂದೂಕಿನ ನಳಿಗೆಗೆ ಎಣ್ಣೆ ಹಚ್ಚುವುದು ನಡೆದಿತ್ತು. ಹೆಡ್ ಕಾನ್‌ಸ್ಟೇಬಲ್ ಬೈರಪ್ಪ ಸ್ಟೂಲು ಹತ್ತಿ ಬಾಗಿಲಿಗೆ ಮಾವಿನೆಲೆ ಕಟ್ಟುತ್ತಿದ್ದ. ಹನ್ನೊಂದು ನಲವತ್ತಕ್ಕೆ ಕಂಟ್ರೋಲ್ ರೂಮಿನಿಂದ ಕರೆ ಬಂತು. ಬಿಳಿಕಲ್ಲು ಕೆರೆ ಪಕ್ಕದ ಕೈಗಾರಿಕಾ ಶೆಡ್ಡೊಂದರಲ್ಲಿ ಗುಂಡಿಗಿಳಿದ ಕೆಲಸಗಾರ ಮೇಲಕ್ಕೆ ಬಂದಿಲ್ಲವಂತೆ.

ಇನ್‌ಸ್ಪೆಕ್ಟರ್ ರಾಗಿಣಿ, ಬೈರಪ್ಪ, ಇಬ್ಬರು ಪಿಸಿಗಳು ಹನ್ನೆರಡಕ್ಕೆ ಸ್ಥಳದಲ್ಲಿದ್ದರು. ನಲ್ಲಿ, ಬಾಗಿಲ ಹಿಡಿ, ಬೈಕಿನ ಬಿಡಿಭಾಗಗಳಿಗೆ ಹೊಳಪಿನ ಲೇಪ ಕೊಡುವ ಶೆಡ್ಡು ಅದು. ಪೂಜೆಗೆಂದು ನೆಲ ತೊಳೆದು, ತೊಟ್ಟಿಗಳನ್ನು ಖಾಲಿ ಮಾಡುವ ದಿನ. ಯಂತ್ರಗಳಿಗೆ ಆಗಲೇ ವಿಭೂತಿ ಬಳಿದಿದ್ದರು. ನೆಲದ ಮೇಲೆ ಮೊಣಕಾಲೆತ್ತರ ಹಸಿರು ನೀರು ನಿಂತಿತ್ತು. ಚೆಂಡುಹೂವಿನ ಹಾರವೊಂದು ಅದರಲ್ಲಿ ತೇಲುತ್ತಿತ್ತು. ಅಗ್ನಿಶಾಮಕದವರು ಮುಖಕ್ಕೆ ಗವಸು ಹಾಕಿಕೊಂಡು ಎತ್ತಿ ತಂದು ಮಲಗಿಸಿದ ಮನುಷ್ಯನ ಹೆಸರು ಉಗ್ರಪ್ಪ. ವಯಸ್ಸು ನಲವತ್ತನಾಲ್ಕು, ಅಲ್ಲೇ ಹತ್ತೊಂಬತ್ತು ವರ್ಷದ ಕೆಲಸ. ಬೈರಪ್ಪ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಮೂವತ್ತೈದು ವರ್ಷದ ನೌಕರಿಯಲ್ಲಿ ಎಷ್ಟು ಹೆಣ ನೋಡಿದ್ದರೂ ಅವನ ಬಾಯಲ್ಲಿ ಮೊದಲು ಬರುತ್ತಿದ್ದದ್ದು ಶಿವನ ಹೆಸರೇ. ಬರವಣಿಗೆ ಆಮೇಲೆ.

ಮಾಲೀಕ ಆತ್ರೇಯ ಬಸವೇಶ್ವರನಗರದವನು, ಇಂಜಿನಿಯರಿಂಗ್ ಓದಿದವನು. ಅವನ ಮಾತು ಗಟ್ಟಿಯಾಗಿತ್ತು. ಇಳಿಯಬೇಡ ಎಂದಿದ್ದೆವು, ಅವನೇ ಇಳಿದ ಎಂದ. ತಪಾಸಣೆಗೆ ಬಂದ ಕಾರ್ಖಾನೆ ಇಲಾಖೆಯ ಅಧಿಕಾರಿಯೂ ತಮ್ಮ ಟಿಪ್ಪಣಿಯಲ್ಲಿ ಮೃತನ ಅಜಾಗರೂಕತೆಯಿಂದ ಎಂದು ಬರೆದರು. ಆ ಹೊತ್ತಿಗೆ ಉಗ್ರಪ್ಪನ ಹೆಂಡತಿ ಬಂದು ನಿಂತಿದ್ದಳು.

ಹೆಸರು ಯಶೋದಮ್ಮ, ಅಂಗನವಾಡಿಯಲ್ಲಿ ಸಹಾಯಕಿ. ಮೂರು ಗಂಟೆಗೆ ಠಾಣೆಗೆ ಬಂದಳು. ಬೆಂಚು ತೋರಿಸಿದರೂ ಕೂರಲಿಲ್ಲ. ಬೈರಪ್ಪ ಕಾಗದ ಮುಂದಿಟ್ಟ.

“ಏನಂತ ಬರೀಲಿ ಹೇಳಮ್ಮ.”

“ಅಜಾಗರೂಕತೆ ಅಂತ ಬರೆದ್ರಲ್ಲ ಸಾರ್, ಅದನ್ನ ಬರೀಬೇಡಿ. ಅವರು ಬೈಕ್ ಸ್ಟ್ಯಾಂಡ್ ಎತ್ತಿದೀನಾ ಅಂತ ಎರಡು ಸಲ ನೋಡ್ಕೊಂಡು ಗಾಡಿ ತೆಗೀತಿದ್ರು. ನನಗಿಬ್ರು ಹೆಣ್ಮಕ್ಕಳು. ನಿಮ್ಮಪ್ಪ ತನ್ನ ತಪ್ಪಿಂದ ಸತ್ತ ಅಂತ ನಾನು ಹೇಳಕ್ಕಾಗಲ್ಲ. ಯಾರ ತಪ್ಪೋ ಅವರ ಹೆಸರು ಬರೀರಿ. ಯಾರದೂ ಅಲ್ಲ ಅಂದ್ರೆ ಹಂಗೇ ಬರೀರಿ.”

ಸಂಜೆ ನಾಲ್ಕು ಇಪ್ಪತ್ತಕ್ಕೆ ಎಫ್‌ಐಆರ್ ಆಯಿತು. ಭಾರತೀಯ ನ್ಯಾಯ ಸಂಹಿತೆಯ ಕಲಂ 106, ನಿರ್ಲಕ್ಷ್ಯದಿಂದ ಸಾವು. ಆರೋಪಿಯ ಹೆಸರಿನ ಜಾಗದಲ್ಲಿ ರಾಗಿಣಿ ಸದ್ಯಕ್ಕೆ ಶೆಡ್ಡಿನ ಮಾಲೀಕನನ್ನು ಬರೆಸಿದರು. ಆದರೆ ಅವರಿಗೊಂದು ಪ್ರಶ್ನೆ ಉಳಿದಿತ್ತು. ವರ್ಷವೂ ಹೀಗೇ ತೊಳೆಯುತ್ತಾರೆ. ಈ ವರ್ಷವೇ ನೀರು ಏಕೆ ಹಿಂದಕ್ಕೆ ಉಕ್ಕಿತು?

ಐದೂವರೆಗೆ ಇಬ್ಬರು ಪಂಚರನ್ನು ಕರೆದುಕೊಂಡು ಪಂಚನಾಮೆಗೆ ಹೋದರು. ತೊಟ್ಟಿಗಳ ನೀರೆಲ್ಲ ಸೇರುವ ಆ ಗುಂಡಿಯಿಂದ ಎರಡು ಕೊಳವೆ ಹೊರಟಿದ್ದವು. ಒಂದು ನಕ್ಷೆಯಲ್ಲಿತ್ತು, ಅದು ಒಣಗಿ ವರ್ಷಗಳಾಗಿದ್ದವು. ಇನ್ನೊಂದು ಯಾವ ನಕ್ಷೆಯಲ್ಲೂ ಇರಲಿಲ್ಲ. ಗೋಡೆಯಡಿ ನುಸುಳಿ, ಅರವತ್ತು ಅಡಿ ಹೋಗಿ, ಕೆರೆಗೆ ಸೇರುವ ರಾಜಕಾಲುವೆಯಲ್ಲಿ ಬಾಯಿ ತೆರೆದಿತ್ತು. ಪಿಸಿ ಒಬ್ಬ ಲಂಟಾನದ ಪೊದೆ ಸರಿಸಿ, ಕೊಳವೆಗೆ ಯಾರೋ ಬಿರಟೆ ಹಾಕಿದ್ದಾರೆ ಮೇಡಂ ಎಂದು ಕೂಗಿದ.

ಬೈರಪ್ಪ ಮೊಣಕಾಲೂರಿ ನೋಡಿದ. ದುಂಡಗೆ ಕೆತ್ತಿದ ಮರದ ಗೂಟ. ಅದಕ್ಕೆ ಬಿಗಿಯಾಗಿ ಸುತ್ತಿದ ಹುಲ್ಲಿನ ಹುರಿ. ಅದರ ಮೇಲೆ ಹುತ್ತದ ಮಣ್ಣು. ಕಲಸಿ, ತುಳಿದು, ಹದಮಾಡಿ ಮೆತ್ತಿದ್ದು. ಬಲಗೈಯ ನಾಲ್ಕು ಬೆರಳು ಸುತ್ತಲೂ ಒಂದೇ ಸಮ ಸವರಿದ ಗುರುತು. ನಟ್ಟನಡುವೆ ಮೂರು ಬೊಟ್ಟು ಅರಿಶಿನ.

ಅವನ ಕೈಯ ಪೆನ್ನು ಸ್ವಲ್ಪ ಹೊತ್ತು ಹಾಗೇ ನಿಂತಿತು. ಮಾಗಡಿ ಕಡೆಯ ಅವನ ಊರಲ್ಲೂ ಒಂದು ಕೆರೆ ಇತ್ತು. ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುವ ನೀರುಗಂಟಿ ತೂಬನ್ನು ಮುಚ್ಚುವಾಗ ಹೀಗೇ ಮುಚ್ಚುತ್ತಿದ್ದ. ಮುಚ್ಚಿದ ಮೇಲೆ, ತಾಯೀ ನಿನ್ನ ದಾರಿ ಕಟ್ಟಿದೆ ಕೋಪ ಮಾಡಬೇಡ ಎಂದು ಗಂಗಮ್ಮನಿಗೆ ಮೂರು ಬೊಟ್ಟು ಇಡುತ್ತಿದ್ದ. ನಾಲೆಯ ದಡದಲ್ಲಿ ಕೂತು ಅದನ್ನು ನೋಡಿದ ಹುಡುಗನಿಗೆ ಈಗ ಐವತ್ತೆಂಟು ವರ್ಷ.

“ಏನ್ರೀ ಬೈರಪ್ಪ, ನಿಂತುಬಿಟ್ರಿ?”

“ಇದು ಜಗಳಗಂಟರ ಕೆಲಸ ಅಲ್ಲ ಮೇಡಂ. ಕೈ ಪಳಗಿದೋರ ಕೆಲಸ. ಕೆರೆ ಕಾಯೋ ಮನೆಯೋರು ಮಾಡಿರೋದು.”

ರಾಗಿಣಿ ಒಂದು ಗಳಿಗೆ ಅವನ ಮುಖ ನೋಡಿ, ಹಾಗಾದರೆ ಅರಿಶಿನ ಇತ್ತೆಂದು ಬಿಡದೆ ಬರೆಯಿರಿ ಎಂದರು. ಬರೆದ. ಗೂಟ, ಹುರಿ, ಮಣ್ಣು ಮೂರನ್ನೂ ಸೀಲು ಮಾಡಿದರು.

ಆಯುಧಪೂಜೆಯ ದಿನ ಮರಣೋತ್ತರ ವರದಿಯ ಜೊತೆ ಗುಂಡಿಯ ನೀರಿನ ಪರೀಕ್ಷಾ ವರದಿಯೂ ಬಂತು. ಬೇರೆ ಬೇರೆಯಾಗಿ ಹರಿಯಬೇಕಿದ್ದ ಎರಡು ತೊಟ್ಟಿಗಳ ನೀರು ಹಿಂದಕ್ಕೆ ತುಂಬಿ, ಗುಂಡಿಯಲ್ಲಿ ಬೆರೆತು, ವಿಷಗಾಳಿ ಹುಟ್ಟಿತ್ತು. ಎರಡು ಉಸಿರಿಗೆ ಸಾವು. ಅದೇ ದಿನ ಮಧ್ಯಾಹ್ನ ಉಗ್ರಪ್ಪನ ಜೊತೆ ಕೆಲಸ ಮಾಡುತ್ತಿದ್ದ ಗೌತಮ್ ಠಾಣೆಯ ಎದುರಿನ ಬೇಕರಿಗೆ ಬಂದು ಬೈರಪ್ಪನನ್ನು ಹೊರಗೆ ಕರೆದ. ಮೊದಲ ದಿನ ಅವನೂ ಮಾಲೀಕ ಹೇಳಿದ್ದನ್ನೇ ಹೇಳಿದ್ದ.

“ಸುಳ್ಳು ಹೇಳ್ಬಿಟ್ಟೆ ಸಾರ್. ಒಂದು ಗಂಟೆಗೆ ನೆಂಟರು ಬರ್ತಾರೆ, ಏನಾದ್ರೂ ಮಾಡಿ ನೀರು ಹೋಗಿಸ್ರೋ ಅಂದ್ರು ಓನರ್ರು. ನಾನು ಇಳೀತೀನಿ ಅಂದೆ. ನಿನಗೆ ಹೋದ ತಿಂಗಳಷ್ಟೇ ಮದುವೆ ಆಗಿದೆ, ಸುಮ್ನಿರು ಮಗಾ ಅಂತ ಉಗ್ರಣ್ಣನೇ ಇಳಿದ್ರು.”

ಕೆಲಸ ಹೋಗುತ್ತದೆಂದು ಹೆದರಿಕೆಯಲ್ಲವೇ ಎಂದು ಬೈರಪ್ಪ ಕೇಳಿದ. ಹೋಗುತ್ತದೆ, ಆದರೆ ನಿದ್ದೆ ಆಗಲೇ ಹೋಗಿದೆ ಎಂದ ಗೌತಮ್. ಹೇಳಿಕೆಗೆ ಸಹಿ ಹಾಕಿದ.

ಎರಡನೆಯ ತಾರೀಕು ವಿಜಯದಶಮಿ. ಬೈರಪ್ಪ ಮಫ್ತಿಯಲ್ಲಿ ಕೆರೆಯ ಮಗ್ಗುಲಿನ ಹಳೇ ಊರಿಗೆ ಹೋದ. ಊರೆಂದರೆ ಈಗ ನಾಲ್ಕು ಓಣಿ. ಸುತ್ತ ಬಡಾವಣೆಯ ಮನೆಗಳು. ಗಂಗಮ್ಮನ ಗುಡಿಯೆದುರು ಹೂ ಕಟ್ಟುತ್ತಿದ್ದ ರಾಮಮ್ಮ ಎಂಬ ಮುದುಕಿಯ ಬಳಿ ಎರಡು ಮೊಳ ಮಲ್ಲಿಗೆ ಕೇಳಿ, ಈ ಕೆರೆಗೆ ತೂಬು ಇತ್ತೇನಮ್ಮಾ ಎಂದು ಮಾತು ತೆಗೆದ. ಅವಳು ಅವನ ಕಾಲಿನ ಕಂದು ಬೂಟು ನೋಡಿದಳು.

“ಹೂ ತಗೊಳ್ಳೋ ನೆಪದಲ್ಲಿ ಬಂದಿದೀಯ, ಬೂಟು ಬಿಚ್ಚಿಟ್ಟು ಬರೋದಲ್ವೇನಪ್ಪ ಪೊಲೀಸಪ್ಪ?”

ಬೈರಪ್ಪ ನಕ್ಕು ಒಪ್ಪಿಕೊಂಡ. ಅವಳು ಹೂ ಕಟ್ಟುತ್ತಲೇ ಹೇಳಿದಳು. ತೂಬು ಇತ್ತು. ಕಾಯುತ್ತಿದ್ದ ಮನೆಯೂ ಇತ್ತು. ಆ ಮನೆಯಲ್ಲಿ ಆ ಕೆಲಸ ಬಲ್ಲವನಾಗಿ ಉಳಿದಿರುವುದು ಅಂಜಿನಯ್ಯನೊಬ್ಬನೇ. ಅರವತ್ತೆಂಟೋ ಎಪ್ಪತ್ತೋ ಇರಬೇಕು, ಈಗ ಬಡಾವಣೆ ಪಾರ್ಕಿನ ಗಿಡಗಳಿಗೆ ನೀರು ಬಿಡುತ್ತಾನೆ. ನವರಾತ್ರಿಯಲ್ಲಿ ಗಂಗಮ್ಮನಿಗೆ ಕೆರೆ ನೀರಿನ ಕಳಶ ತರುವವನು ಅವನೇ. ಈ ಸಲ ತರಲಿಲ್ಲ. ಎರಡು ದಿನದಿಂದ ಮನೆ ಬಿಟ್ಟು ಹೊರಗೇ ಬಂದಿಲ್ಲ. ಇಷ್ಟು ಹೇಳಿದ ಮೇಲೆ ಅವಳು ಹೂವಿನ ದುಡ್ಡು ತೆಗೆದುಕೊಳ್ಳಲಿಲ್ಲ.

ಕಾಲುವೆಯ ಎದುರಿಗಿದ್ದ ಕಲ್ಯಾಣ ಮಂಟಪದ ಕ್ಯಾಮೆರಾದಲ್ಲಿ 30ರ ಬೆಳಿಗ್ಗೆ 5-52ಕ್ಕೆ ಪಂಚೆಯುಟ್ಟ ಮುದುಕನೊಬ್ಬ ಗೋಣಿಚೀಲ ಹೊತ್ತು ಕಾಲುವೆಗಿಳಿದದ್ದು, 6-35ಕ್ಕೆ ಬರಿಗೈಯಲ್ಲಿ ಮೇಲೆ ಬಂದು ಕೈಮುಗಿದದ್ದು ಸಿಕ್ಕಿತು. ಅವನನ್ನು ಕರೆತರುವ ಮೊದಲು ರಾಗಿಣಿ ಇನ್ನೊಂದು ಕೆಲಸ ಮಾಡಿದರು. ನಗರ ಯೋಜನಾ ಕಚೇರಿಗೆ ಪತ್ರ ಬರೆದು, ಆ ಸರ್ವೆ ನಂಬರುಗಳ ಹಳೆಯ ನಕ್ಷೆ ತರಿಸಿದರು. ಮೂರನೆಯ ತಾರೀಕು ಸಂಜೆ ಅದನ್ನು ಮೇಜಿನ ಮೇಲೆ ಹರಡಿ ಆತ್ರೇಯನನ್ನು ಎದುರಿಗೆ ಕೂರಿಸಿದರು. ಶೆಡ್ಡುಗಳ ಜಾಗಕ್ಕೆ ನೇರಳೆ ಬಣ್ಣ, ಕೆರೆ ಮತ್ತು ಅದರ ಅಂಚಿಗೆ ಹಸಿರು. ಎರಡರ ನಡುವೆ ಚೌಕವೊಂದರಲ್ಲಿ ಸಣ್ಣ ಅಕ್ಷರ: ಸಾಮೂಹಿಕ ಕೊಳಚೆ ಶುದ್ಧೀಕರಣ ಘಟಕ.

“ಈ ಚೌಕ ಎಲ್ಲಿದೆ?”

“ಕಲ್ಯಾಣ ಮಂಟಪ ಇದೆಯಲ್ಲ ಮೇಡಂ, ಅದೇ. ನಮ್ಮಪ್ಪಂಗೆ ಶೆಡ್ ಕೊಟ್ಟಾಗ ಮೂವತ್ತು ಶೆಡ್‌ಗೂ ಸೇರಿ ಒಂದು ಘಟಕ ಕಟ್ಟಿಕೊಡ್ತೀವಿ ಅಂದಿದ್ರು. ಆಮೇಲೆ ನಕ್ಷೆ ಬದಲಾಯ್ತು.”

“ನಿಮ್ಮ ಕೊಳವೆ?”

ಆತ್ರೇಯ ನಕ್ಷೆಯ ಹಸಿರು ಅಂಚಿನ ಮೇಲೆ ಬೆರಳಿಟ್ಟ. “ಅಪ್ಪನ ಕಾಲದ್ದು. ಮುಚ್ಚಿದ್ರೆ ಶೆಡ್ ಮುಚ್ಚಬೇಕು. ಈ ಸಾಲು ನಂಬ್ಕೊಂಡು ಇನ್ನೂರು ಮನೆ ಇದಾವೆ ಮೇಡಂ.”

“ಉಗ್ರಪ್ಪನ್ನ ಇಳಿಸಿದ್ದು ಯಾರು?”

ಅವನು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ. ಅಂದೇ ರಾತ್ರಿ ಎಂಟು ಗಂಟೆಗೆ ಅವನ ದಸ್ತಗಿರಿಯಾಯಿತು. ನೀರು ಕೆಡಿಸಿದ್ದಕ್ಕೆ ಬೇರೆ ಕಲಮುಗಳೂ ಸೇರಿದವು. ಚೌಕವನ್ನು ಅಳಿಸಿದವರ ಹೆಸರು ಯಾವ ಕಡತದಲ್ಲೂ ಸಿಗಲಿಲ್ಲ, ಸಹಿಗಳಿದ್ದವು, ಓದಲಾಗುತ್ತಿರಲಿಲ್ಲ.

ನಾಲ್ಕನೆಯ ತಾರೀಕು ಶನಿವಾರ ಬೆಳಿಗ್ಗೆ ಹತ್ತೂವರೆಗೆ ರಾಗಿಣಿ, ಬೈರಪ್ಪ ಇಬ್ಬರು ಪಂಚರೊಡನೆ ಅಂಜಿನಯ್ಯನ ಮನೆಗೆ ಹೋದರು. ಒಂದೇ ಕೋಣೆ, ಅದರಲ್ಲೇ ದೇವರ ಗೂಡು. ಮುದುಕ ಮಡಿ ಪಂಚೆಯುಟ್ಟು, ಹೊರಡಲು ಸಿದ್ಧನಾದವನಂತೆ ಚಾಪೆಯ ಮೇಲೆ ಕೂತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತ.

“ಇವತ್ತು ನಾನೇ ಬರ್ತಿದ್ದೆ ತಾಯಿ. ಉಗ್ರಪ್ಪನ ತಪ್ಪು ಅಂತ ಬರೆದಿದಾರಂತೆ, ನಿನ್ನೆ ಯಾರೋ ಅಂದ್ರು. ಅದನ್ನ ಹೊಡೆದುಹಾಕಿ. ಅವನು ಇಳಿಯೋ ಹಂಗೆ ಮಾಡಿದ್ದು ನಾನು.”

ಗೌತಮ್ ಹೇಳಿಕೆ ಕೊಟ್ಟ ಮೇಲೆ ಅದನ್ನು ಹೊಡೆದುಹಾಕಿಸಿದ್ದೇವೆ ಯಜಮಾನ್ರೇ ಎಂದ ಬೈರಪ್ಪ. ಮುದುಕ ಗೋಡೆ ಹಿಡಿದು ಮತ್ತೆ ಕೂತ.

ರಾಗಿಣಿ ನೆಲದ ಮೇಲೆ ಅವನೆದುರಿಗೇ ಕೂತು ಕೇಳುತ್ತಾ ಹೋದರು. ಅವನು ಒಂದನ್ನೂ ಮರೆಮಾಚಲಿಲ್ಲ. ಪೂಜೆಯ ಹಿಂದಿನ ದಿನ ವರ್ಷದ ಕೊಳೆಯೆಲ್ಲ ಒಟ್ಟಿಗೆ ಕೆರೆಗೆ ಬರುವುದು ಅವನಿಗೆ ಗೊತ್ತಿತ್ತು. ಒಂದು ದಿನ, ಅದೂ ನೆಂಟರು ಬರುವ ದಿನ, ಮಾಲೀಕನ ನೀರು ಮಾಲೀಕನ ಅಂಗಳದಲ್ಲೇ ನಿಲ್ಲಲಿ, ನೋಡಲಿ, ನಾಚಲಿ ಎಂದುಕೊಂಡ. ಕಟ್ಟಿದ ತೂಬಿನ ಹಿಂದೆ ನೀರು ಸುಮ್ಮನೆ ನಿಲ್ಲುತ್ತದೆ. ಅವನ ತಾತ, ಅಪ್ಪ ಕಂಡ ನೀರೆಲ್ಲ ಹಾಗೇ ನಿಂತಿತ್ತು. ನಿಂತ ನೀರು ಗಾಳಿಯಾಗಿ ಮನುಷ್ಯನನ್ನು ಕೊಲ್ಲುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

“ಶೆಡ್ ಮುಚ್ಚಲಿ ಅಂತ ಇತ್ತಾ ಮನಸ್ಸಲ್ಲಿ?”

“ಇಲ್ಲ ತಾಯಿ. ನನ್ನ ಸೊಸೇನೂ ಅದೇ ಸಾಲಲ್ಲಿ ಹೊಲಿಗೆ ಕೆಲ್ಸಕ್ಕೆ ಹೋಗ್ತಾಳೆ. ನೀರು ತೊಳೆದು ಬಿಡಿ ಅಂದೆ, ಅಷ್ಟೇ.”

“ಇಷ್ಟು ವರ್ಷ ಸುಮ್ನಿದ್ದು ಈ ಸಲ ಯಾಕೆ?”

ಅಂಜಿನಯ್ಯ ದೇವರ ಗೂಡಿನಲ್ಲಿದ್ದ ಹಿತ್ತಾಳೆ ಚೊಂಬಿನ ಕಡೆ ಕೈ ತೋರಿಸಿದ. “ಗಂಗಮ್ಮಂಗೆ ಕೆರೆ ನೀರು ಕೊಡೋದು ನಮ್ಮ ಮನೆ ಕೆಲಸ. ಆರು ವರ್ಷದಿಂದ ಆ ನೀರು ಮುಟ್ಟಕ್ಕಾಗಿಲ್ಲ. ಪಾರ್ಕಿನ ನಲ್ಲೀಲಿ ಹಿಡಿದು, ಕೆರೇದು ಅಂತ ಹೇಳಿ ಇಡ್ತಿದ್ದೆ. ದೇವರ ಮುಂದೆ ಆರು ಸುಳ್ಳು. ಏಳನೇದು ಬಾಯಿಗೆ ಬರಲಿಲ್ಲ.”

ರಾಗಿಣಿ, ಇದನ್ನೆಲ್ಲ ಯಾರಿಗಾದರೂ ಹೇಳಿದ್ದಿರಾ ಎಂದರು. ಮುದುಕ ಗೂಡಿನ ಹಿಂದಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದುಕೊಟ್ಟ. ಬೈರಪ್ಪ ಮಹಜರು ಬರೆಯಲು ಕೂತು, ಕಾಗದಗಳನ್ನು ಒಂದೊಂದಾಗಿ ಬಿಡಿಸಿ ನಮೂದಿಸಿದ. ನಕ್ಷೆಗೆ ಸಲ್ಲಿಸಿದ ಆಕ್ಷೇಪಣೆಯ ರಸೀದಿ. ಸಾರ್ವಜನಿಕ ವಿಚಾರಣೆಯ ಚೀಟಿ. ಪರಿಶೀಲಿಸಲಾಗುವುದು ಎಂಬ ಎರಡು ಉತ್ತರ. ಕೆರೆಯ ನೀರಿನ ಪರೀಕ್ಷೆಗೆ ಕೊಟ್ಟ ಅರ್ಜಿ. ಊರಿನವರ ಸಹಿ ಇದ್ದ ಮನವಿ. ಶೆಡ್ಡಿನ ಕೆಲಸಗಾರರಲ್ಲಿ ಸಹಿ ಹಾಕಿದ್ದವನು ಒಬ್ಬನೇ, ಉಗ್ರಪ್ಪ.

ಏಳನೆಯದು ಒಂದು ಪೊಲೀಸ್ ಹಿಂಬರಹ. ದಿನಾಂಕ 12-03-2025. ‘ಅರ್ಜಿದಾರರು ಕಾರ್ಖಾನೆಯ ಗುಪ್ತ ಕೊಳವೆಯ ಬಗ್ಗೆ ದೂರಿದ್ದು, ವಿಷಯವು ಈ ಠಾಣೆಗೆ ಸಂಬಂಧಿಸಿರುವುದಿಲ್ಲವಾದ್ದರಿಂದ ಸಂಬಂಧಪಟ್ಟ ಇಲಾಖೆಯನ್ನು ಸಂಪರ್ಕಿಸಲು ತಿಳಿಹೇಳಿ ಕಳುಹಿಸಲಾಗಿದೆ.’ ಕೆಳಗೆ ಸಹಿ, ಹೆಸರು: ಬೈರಪ್ಪ, ಹೆಡ್ ಕಾನ್‌ಸ್ಟೇಬಲ್.

ಅಕ್ಷರ ತನ್ನದೇ. ಎಷ್ಟು ನೆನೆದರೂ ಮುದುಕನ ಮುಖ ನೆನಪಾಗಲಿಲ್ಲ. ದಿನಕ್ಕೆ ಹತ್ತು ಜನರಿಗೆ ಇದೇ ನಾಲ್ಕು ಸಾಲು ಬರೆದುಕೊಡುತ್ತಿದ್ದ. ಬೈರಪ್ಪ ತಲೆಯೆತ್ತಿದಾಗ ಅಂಜಿನಯ್ಯ ಅವನನ್ನೇ ನೋಡುತ್ತಿದ್ದ.

“ಅದೊಂದು ಬಿಟ್ಬಿಡಿ ಸಾರ್. ಎಲ್ಲೂ ನನ್ನನ್ನ ಕೂರಿಸಿದವರಿಲ್ಲ. ನೀವು ಅವತ್ತು ಕುರ್ಚಿ ಕೊಟ್ಟು ಟೀ ತರಿಸಿದ್ರಿ.”

ರಾಗಿಣಿ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಿದ್ದರು. ಬರೆಯಿರಿ ಎಂದೂ ಅನ್ನಲಿಲ್ಲ, ಬಿಡಿ ಎಂದೂ ಅನ್ನಲಿಲ್ಲ. ಬೈರಪ್ಪ ಮನಸ್ಸಿನಲ್ಲಿ ಶಿವನ ಹೆಸರು ಹೇಳಿಕೊಂಡು ಪೆನ್ನು ಕಾಗದಕ್ಕಿಟ್ಟ. ನಿಯಮದ ಪ್ರಕಾರ ಮಹಜರನ್ನು ಪಂಚರಿಗೆ ಓದಿ ಹೇಳಬೇಕು. ಒಂದರಿಂದ ಆರರವರೆಗೆ ಓದಿದ. ಏಳನೆಯದನ್ನು ಓದುವಾಗ ತನ್ನ ಹೆಸರನ್ನೂ ಹುದ್ದೆಯನ್ನೂ ಸ್ಪಷ್ಟವಾಗಿ, ಬೇರೆಯವರ ಹೆಸರು ಓದುವ ಹಾಗೆಯೇ ಓದಿದ. ಪಂಚರು ಸಹಿ ಹಾಕಿದರು.

ಮಧ್ಯಾಹ್ನ 12-10ಕ್ಕೆ ಅಂಜಿನಯ್ಯನ ದಸ್ತಗಿರಿಯಾಯಿತು. ಹೊಲಿಗೆಯ ಕೆಲಸದಲ್ಲಿದ್ದ ಸೊಸೆಗೆ ಫೋನಿನಲ್ಲಿ ವಿಷಯ ತಿಳಿಸಿ, ಆ ವೇಳೆಯನ್ನೂ ಬೈರಪ್ಪ ಬರೆದುಕೊಂಡ. ಜೀಪು ಹತ್ತುವಾಗ ಮುದುಕನ ಕಾಲು ತಡವರಿಸಿತು. ಬೈರಪ್ಪ ಅವನ ಮೊಣಕೈ ಹಿಡಿದು ಹತ್ತಿಸಿ, ಪಕ್ಕದಲ್ಲೇ ಕೂತ.