ಮೊಳಕೆ ಹೆಸರು, ಬೊಗಸೆ ನೀರು

"ಮುಟ್ಟಬ್ಯಾಡ್ರಿ!"

ಆ ಮಾತಿಗೆ ಉಡಚಮ್ಮನ ಕೈ ಅಲ್ಲೇ ನಿಂತುಬಿಟ್ಟಿತು. ತಾಟಿನಲ್ಲಿ ಬಿಸಿ ಜೋಳದ ರೊಟ್ಟಿ, ಅದರ ಮೇಲೆ ಬದನೆಕಾಯಿ ಪಲ್ಯ. ಹಿಡಿದ ತಾಟನ್ನು ಮುಂದೆ ಚಾಚಬೇಕೋ, ಹಿಂದಕ್ಕೆ ಎಳೆದುಕೊಳ್ಳಬೇಕೋ ಅವಳಿಗೆ ತಿಳಿಯಲೇ ಇಲ್ಲ.

ಎದುರಿಗಿದ್ದವನು ಎರಡು ಹೆಜ್ಜೆ ಹಿಂದೆ ಸರಿದು ಅಂಗಳಕ್ಕೇ ಇಳಿದಿದ್ದ. ಬಿಳಿ ಅಂಗಿ, ಕರಿ ಟೊಪ್ಪಿಗೆ, ಬಗಲಲ್ಲಿ ನಕ್ಷೆಯ ಸುರುಳಿ. ಹೆಸರು ಆದೆಪ್ಪ. ಹೊಳೆಗೆ ಅಣೆಕಟ್ಟು ಕಟ್ಟಿ ಗಂಗಾವತಿ ಸೀಮೆಗೆಲ್ಲ ಕಾಲುವೆ ತರುತ್ತಾರಂತೆ ಎಂಬ ಸುದ್ದಿ ಹಬ್ಬಿದ ವರ್ಷ ಅದು. ಆ ಕಾಲುವೆಗಾಗಿ ಹೊಲ ಅಳೆಯಲು ಬಂದ ಸರ್ವೇ ಬಾಬು ಇವನು.

ಉಡಚಮ್ಮನ ಅಪ್ಪ ಹುಚ್ಚೀರಪ್ಪನದು ಕಲ್ಲು ಒಡೆಯುವ ಕೆಲಸ. ಈಗ ನಾಲ್ಕು ದಿನದಿಂದ ಬಾಬುವಿನ ಕೈಕೆಳಗೆ ಅಳತೆಯ ಸರಪಳಿ ಎಳೆಯುತ್ತಿದ್ದ. "ಪಾಪ, ಮಧ್ಯಾಹ್ನ ಉಪಾಸ ಬೀಳ್ತಾನವಾ" ಎಂದು ಅವನೇ ಮನೆಗೆ ಕರೆತಂದಿದ್ದ.

"ತಪ್ಪು ತಿಳೀಬ್ಯಾಡ್ರಿ..." ಆದೆಪ್ಪ ತಡವರಿಸಿದ. "ನಾನು ಬೇಯಿಸಿದ್ದು ತಿನ್ನೂದಿಲ್ರಿ. ಹಸೀದು ತಿಂದ್ರ ಮೈಗೆ ಛಲೋ ಅಂತ ಒಂದು ಪುಸ್ತಕದಾಗ ಓದೀನಿ. ನೆನಿಸಿದ ಕಾಳು, ಸೌತಿಕಾಯಿ ಏನರ ಇದ್ರ ಕೊಡ್ರಿ. ತಾಟು ಬ್ಯಾಡ. ಎಲಿ ಮ್ಯಾಲ ಇಟ್ರ ಸಾಕು."

ತಾಟು ಬೇಡ! ಎಲೆಯ ಮೇಲೆ!

ಅವಳ ಮುಖ ಕೆಂಪಗಾಯಿತು. ಅಪ್ಪನೂ ತಲೆ ತಗ್ಗಿಸಿದ. ಅವರಿಬ್ಬರಿಗೂ ಆ ಮಾತು ಹೊಸದೇನಲ್ಲ. ಮೇಲಿನ ಓಣಿಯವರು ಕಲ್ಲೊಡೆಯುವವರ ಹೊಲದ ಹಸಿ ಕಡಲೆಯನ್ನು ಉಡಿ ತುಂಬ ಒಯ್ಯುತ್ತಿದ್ದರು. ಅದೇ ಕಡಲೆ ಇವರ ಒಲೆಯ ಮೇಲೆ ಕುದಿಯಿತೋ, ಮುಗಿಯಿತು, ಅದು ಮೈಲಿಗೆ! ಹಸಿಯದು ನಡೆಯುತ್ತದೆ, ಬೆಂದದ್ದು ನಡೆಯುವುದಿಲ್ಲ. ಈ ಬಾಬು ಪುಸ್ತಕದ ಹೆಸರು ಹೇಳಿದ ಮಾತ್ರಕ್ಕೆ ಯಾರಿಗೂ ತಿಳಿಯುವುದಿಲ್ಲವೇ?

'ಓದಿದವನು ನೋಡು, ಬೈಯುವುದನ್ನೂ ನಯವಾಗಿ ಬೈಯುತ್ತಾನೆ' ಎಂದುಕೊಂಡು ಉಡಚಮ್ಮ ಒಳಗೆ ಹೋಗಿ ಅತ್ತಳು. ಅತ್ತು ಮುಗಿದ ಮೇಲೆ ಒಂದು ಸೇರು ಹೆಸರುಕಾಳು ತೆಗೆದು ನೀರಿಗೆ ಹಾಕಿದಳು.

ಹಟ ಕಣ್ರೀ, ಹಟ! ಹಸಿಯದೇ ಬೇಕಲ್ಲವೇ ಇವನಿಗೆ? ಈ ಮನೆಯ ಹಸಿಯದಕ್ಕೆ ಇಷ್ಟು ರುಚಿ ಇದ್ದರೆ ಬೆಂದದ್ದಕ್ಕೆ ಎಷ್ಟಿರಬೇಕು ಎಂದು ಅವನ ನಾಲಿಗೆ ಒದ್ದಾಡಬೇಕು!

ಹೆಸರನ್ನು ಒಂದು ರಾತ್ರಿ ನೆನೆಸಿ, ಒದ್ದೆ ಅರಿವೆಯಲ್ಲಿ ಬಿಗಿಯಾಗಿ ಕಟ್ಟಿ, ಮತ್ತೊಂದು ದಿನ ಕತ್ತಲೆ ಮೂಲೆಯಲ್ಲಿಟ್ಟಳು. ಬೆಳಿಗ್ಗೆ ಬಿಚ್ಚಿದರೆ ಒಂದೊಂದು ಕಾಳಿಗೂ ಬಿಳಿ ಬಾಲ. ಅದಕ್ಕೆ ಹೆಚ್ಚಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಉಪ್ಪು, ಒಂದಿಷ್ಟು ಲಿಂಬೆಹುಳಿ. ಮರುದಿನ ಹಸಿ ಎಳ್ಳಿಗೆ ಬೆಲ್ಲ ಹಾಕಿ ಒರಳಲ್ಲಿ ಕುಟ್ಟಿ ಕಟ್ಟಿದ ಚಿಗಳಿ ಉಂಡಿ. ಅದರ ಮರುದಿನ ಮೆಂತ್ಯದ ಎಳೆ ಸೊಪ್ಪು ಸಣ್ಣಗೆ ಹೆಚ್ಚಿ, ನೆನೆದ ಶೇಂಗಾ ಜಜ್ಜಿ ಹಾಕಿದ ಪಚಡಿ. ಒಲೆಯ ಹತ್ತಿರ ಸುಳಿಯದೇ ಇಷ್ಟೆಲ್ಲ ಮಾಡಬಹುದೆಂದು ಅವಳಿಗೇ ಗೊತ್ತಿರಲಿಲ್ಲ.

"ನಿನ್ನ ಬಾಬುಗ ಇವತ್ತೇನಬೇ?" ಎಂದು ಆಯಿ ಮುದುಕವ್ವ ಬೊಚ್ಚು ಬಾಯಲ್ಲಿ ನಗುತ್ತಿದ್ದಳು.

"ನನ್ನ ಬಾಬು ಯಾಕ ಆಗ್ತಾನ? ನಿನ್ನ ಮಗನ ಬಾಬು!"

ಹಾಗೆ ಅನ್ನುವಾಗ ಕೆನ್ನೆ ಯಾಕೆ ಬಿಸಿಯಾಗಬೇಕು, ನೀವೇ ಹೇಳಿ!

ಆದೆಪ್ಪ ದಿನವೂ ಅಂಗಳದ ಕಲ್ಲಿನ ಮೇಲೆ ಕುಳಿತು, ಮುತ್ತಲದ ಎಲೆಯಲ್ಲಿ ಒಂದು ಕಾಳೂ ಉಳಿಯದಂತೆ ತಿನ್ನುತ್ತಿದ್ದ. ಒಂದು ದಿನ ಜೇಬಿನಿಂದ ಹಿತ್ತಾಳೆಯ ಅಳತೆಪಟ್ಟಿ ತೆಗೆದು ಒಂದು ಮೊಳಕೆಯ ಪಕ್ಕಕ್ಕೆ ಹಿಡಿದ.

"ಅರ್ಧ ಇಂಚು! ನಿನ್ನೀಕಿಂತ ಬಾಲ ಉದ್ದ ಬಂದಾವಲ್ರಿ!"

ಉಡಚಮ್ಮ ಕಿಸಕ್ಕನೆ ನಕ್ಕುಬಿಟ್ಟಳು. ಅವನೂ ನಕ್ಕ. ತಿಂದ ಮೇಲೆ "ನೀರು ಹಾಕ್ರಿ" ಎಂದು ಬಗ್ಗಿ ಬೊಗಸೆ ಒಡ್ಡಿದ. ಅವಳು ಮೇಲಿಂದ ಹುಯ್ದಳು. ಹುಟ್ಟಿ ಇಪ್ಪತ್ತು ವರ್ಷವಾದರೂ ಯಾರೂ ಅವಳನ್ನು 'ರೀ' ಹಚ್ಚಿ ಮಾತಾಡಿಸಿರಲಿಲ್ಲ. ಇವನು ಪ್ರತಿ ಮಾತಿಗೂ ಹಚ್ಚುತ್ತಿದ್ದ.

'ಇಷ್ಟು ಒಳ್ಳೆಯವನಿಗೆ ನನ್ನ ಕೈಯ ರೊಟ್ಟಿ ಮಾತ್ರ ಹೇಸಿಗೆಯೇ...?' ಆ ಪ್ರಶ್ನೆ ಬಂದಾಗೆಲ್ಲ ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಗುತ್ತಿತ್ತು. ಹೇಸಿಕೊಳ್ಳುವವನನ್ನು ನೆನೆಸಿಕೊಂಡು ಮಲಗುತ್ತಿದ್ದಳಲ್ಲ, ಅದಕ್ಕೆ!

ಎಳ್ಳ ಅಮಾವಾಸ್ಯೆ ಬಂತು. ಬಡವನಿರಲಿ ಬಲ್ಲಿದನಿರಲಿ, ಅಂದು ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಹಾದಿಯಲ್ಲಿ ಹೋಗುವವರನ್ನೂ ಕರೆದು ಉಣಿಸಬೇಕು. ಉಡಚಮ್ಮ ನಸುಕಿನಲ್ಲೇ ಎದ್ದು ಎಳ್ಳಿನ ಹೋಳಿಗೆ ಮಾಡಿದ್ದಳು. ಒಂದನ್ನು ತುಪ್ಪ ಸವರಿ ಬೇರೆಯೇ ಎತ್ತಿಟ್ಟಿದ್ದಳು. ಹಬ್ಬದ ದಿನವಾದರೂ ಇವನು ಇಲ್ಲ ಅನ್ನಲಾರ!

ಅಪ್ಪ ಕರೆದದ್ದಕ್ಕೆ ಆದೆಪ್ಪ ಬಂದ. ಬನ್ನಿಗಿಡದ ನೆರಳಲ್ಲಿ ನೆಂಟರೆಲ್ಲ ಸಾಲಾಗಿ ಕುಳಿತಿದ್ದರೆ ಅವನೊಬ್ಬ ದೂರದ ಬದುವಿನ ಮೇಲೆ ಕುಳಿತ. ಉಡಚಮ್ಮ ಹೋಳಿಗೆ ಹಿಡಿದು ಎದುರಿಗೆ ನಿಂತಳು.

"ಬ್ಯಾಡ್ರಿ..." ಅವನ ದನಿ ಇಳಿದುಹೋಗಿತ್ತು. "ಎಲಿ ಮ್ಯಾಲ ಎರಡು ಕಾಳು ಹಾಕ್ರಿ, ಸಾಕು."

ಹಿಂದೆ ಕುಳಿತಿದ್ದ ಸೋದರತ್ತೆ ದುರಗಮ್ಮ ಎಲ್ಲರಿಗೂ ಕೇಳುವಂತೆ ನಕ್ಕಳು. "ಅಯ್ಯ, ಬಿಡ! ನಮ್ಮ ಕೈದು ದೊಡ್ಡ ಮಂದಿಗೆ ನಡಿಯೂದಿಲ್ಲ. ಈಕಿ ತುಪ್ಪ ಸವರಿದ್ದ ಬಂತು!"

ಎಲ್ಲರೂ ನಕ್ಕರು. ಉಡಚಮ್ಮನಿಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನಿಸಿತು. ಆ ಅವಮಾನವೆಲ್ಲ ಸಿಟ್ಟಾಗಿ ಬಾಯಿಗೆ ಬಂತು.

"ನಾವೇನು ಊರ ಹೊರಗಿನ ಕೇರಿಯವರೇನ್ರಿ? ಅವರ ಕೈದಾದ್ರ ಬ್ಯಾಡ ಅನ್ರಿ, ಒಪ್ಕೋತೀನಿ! ನಾವು ಅವರಷ್ಟು ಕೆಳಗಿನವರಲ್ಲ!"

ಆದೆಪ್ಪನ ಮುಖದ ಬಣ್ಣವೇ ಇಳಿದುಹೋಯಿತು. ಅವನು ಎಲೆಯನ್ನು ಮೆಲ್ಲಗೆ ಮಡಿಚಿದ. ಎದ್ದು ನಿಂತ.

"ಖರೆ ಐತ್ರಿ. ನೀವು ಅವರಷ್ಟು ಕೆಳಗಿನವರಲ್ಲ" ಎಂದ. ಆಮೇಲೆ ತಿರುಗಿ ನೋಡದೆ ಬದು ಹಿಡಿದು ನಡೆದುಬಿಟ್ಟ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಕಟ್ಟಿಟ್ಟ ಹೆಸರು ಬಾಲ ಬೆಳೆಸಿಕೊಂಡು ಅರಿವೆಯಲ್ಲೇ ಕುಳಿತಿತ್ತು.

"ಸರ್ವೇದವರು ನಾಳೆ ಡೇರೆ ಕೀಳ್ತಾರ. ಕಾರಟಗಿ ಕಡೆ ಹೊಂಟಾರ" ಎಂದ ಸಂಜೆ ಮನೆಗೆ ಬಂದ ಅಪ್ಪ.

"ಹೋಗ್ಲಿ! ನಮ್ಮನ್ನ ಹೊಲಸು ಅನ್ನೋರು ಎಲ್ಲಿಗರ ಹೋಗ್ಲಿ!" ಎಂದಳು ಉಡಚಮ್ಮ. ಅಂದವಳ ಕಣ್ಣಲ್ಲಿ ನೀರು!

ಮುದುಕವ್ವ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. "ಅಲ್ಲಬೇ, ನನಗೊಂದು ತಿಳೀವಲ್ದು. ಮೇಲಿನ ಓಣ್ಯಾರು ಯಾವತ್ತರ ನಮ್ಮ ಮನಿ ನೀರು ಕುಡಿದಾರೇನ?"

"ಇಲ್ಲ."

"ಇವ ದಿನಾ ಕುಡೀತಿದ್ದ. ನಮ್ಮ ನೀರಾಗ ನೆನೆದ ಕಾಳು ತಿಂತಿದ್ದ. ನೀರು ನಡೀತೈತಿ, ರೊಟ್ಟಿ ನಡಿಯೂದಿಲ್ಲಂದ್ರ ಅದ್ಯಾವ ಮಡಿ? ಮತ್ತ... ಅಷ್ಟು ಬಗ್ಗಿ ಬೊಗಸಿ ಯಾರು ಒಡ್ಡತಾರ?"

ಉಡಚಮ್ಮ ಕಣ್ಣೊರೆಸಿಕೊಂಡು ಆಯಿಯ ಕಡೆ ತಿರುಗಿದಳು.

ಹಾಗೆ ಬಗ್ಗುವುದನ್ನು ಅವಳು ನೋಡಿದ್ದಳು. ಮೇಲಿನ ಓಣಿಯ ಬಾವಿಯ ಹತ್ತಿರ ತನ್ನ ಅಪ್ಪ ಹಾಗೆಯೇ ಬಗ್ಗುತ್ತಿದ್ದ. ಅದೇ ಬೆನ್ನು, ಅದೇ ಬೊಗಸೆ. ಕೊಡ ಮುಟ್ಟಬಾರದವರು ನೀರು ಕುಡಿಯುವ ರೀತಿ ಅದು!

ಮುಟ್ಟಬ್ಯಾಡ್ರಿ ಎಂದದ್ದು... ನೀನು ಮುಟ್ಟಿ ನನ್ನನ್ನು ಮೈಲಿಗೆ ಮಾಡಬೇಡ ಎಂದಲ್ಲ. ನನ್ನನ್ನು ಮುಟ್ಟಿ ನೀನು ಮೈಲಿಗೆಯಾಗಬೇಡ ಎಂದು! ತಾಟು ಬೇಡವೆಂದದ್ದು ಈ ಮನೆಯ ತಾಟು ಕೆಡಬಾರದೆಂದು!

ಅಂಥವನ ಮುಖಕ್ಕೆ ತಾನೇನು ಅಂದಳು? ಇಡೀ ಹೊಲ ಕೇಳುವಂತೆ ಏನು ಅಂದಳು? ಮೇಲಿನ ಓಣಿಯವರು ಅಂದ ಮಾತಿಗೆ ಇಪ್ಪತ್ತು ವರ್ಷ ಅತ್ತವಳು ಅದೇ ಮಾತನ್ನು ಇನ್ನೊಬ್ಬರಿಗೆ ಎಷ್ಟು ಸಲೀಸಾಗಿ ಅಂದುಬಿಟ್ಟಳು! ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಈ ಸಲ ತನಗಾದ ಅವಮಾನಕ್ಕಲ್ಲ, ತಾನು ಮಾಡಿದ್ದಕ್ಕೆ.

ಬೆಳಿಗ್ಗೆ ಅಪ್ಪನ ಹಿಂದೆಯೇ ಡೇರೆಯ ಕಡೆ ಹೋದಳು. ಕೈಯಲ್ಲಿ ಏನೂ ಒಯ್ಯಲಿಲ್ಲ.

ಆಳುಗಳು ಗೂಟ ಕೀಳುತ್ತಿದ್ದರು. ಆದೆಪ್ಪ ಮೂರು ಕಲ್ಲಿನ ಒಲೆ ಹೂಡಿ, ಹಂಚಿನ ಮೇಲೆ ರೊಟ್ಟಿ ಬೇಯಿಸುತ್ತ ಕುಳಿತಿದ್ದ. ಬೇಯಿಸಿದ್ದು ತಿನ್ನದವನ ಹಸಿ ಆಹಾರದ ಪುಸ್ತಕ ಅಲ್ಲಿಗೆ ಮುಗಿದಂತಾಯಿತು!

"ತಪ್ಪಾತ್ರಿ" ಎಂದಳು.

ಅವನು ತಲೆ ಎತ್ತಲಿಲ್ಲ. "ಗೊತ್ತಾತೇನ್ರಿ?"

"ಹೂಂ."

"ಬೇವೂರಿನ ಹೊರಗಿನ ಕೇರಿ ನಮ್ದು. ರಾಯಚೂರಾಗ ನಾಕು ಅಕ್ಷರ ಕಲಿತೆ, ಟೊಪಿಗಿ ಬಂತು. ಟೊಪಿಗಿ ನೋಡಿ ಮಂದಿ ಏನೇನೋ ತಿಳ್ಕೋತಾರ. ಹಿಂದಿನ ಊರಾಗ ಒಬ್ಬಾಕಿ ಮುದುಕಿ ಉಣ್ಣಾಕ ಹಾಕಿದ್ಲು. ಗೊತ್ತಾದ ಮ್ಯಾಲ ಆಕಿ ಗಡಿಗಿ ಎಲ್ಲಾ ಬೀದ್ಯಾಗ ಒಡದ್ರು, ಆಕೀನ್ನ ಕುಲದಿಂದ ಹೊರಗ ಹಾಕಿದ್ರು. ಎಲಿ ಮ್ಯಾಲಿನ ಹಸಿ ಕಾಳಿಗೆ ಯಾರೂ ಕುಲ ಕೇಳೂದಿಲ್ಲ. ನಿಮ್ಮ ಮನಿಗೆ ಹಂಗ ಆಗಬಾರದಿತ್ತು."

"ನನಗ ಒಂದು ಮಾತು ಹೇಳಬಾರದಿತ್ತೇನ್ರಿ?"

"ಹೇಳಿದ್ರ ಮರುದಿನ ನೀವು ನೀರು ಹುಯ್ಯಾಕ ಬರ್ತಿದ್ರೇನ?" ಈಗ ಅವನು ನೇರವಾಗಿ ನೋಡಿದ. "ಬರಲಿಕ್ಕಿಲ್ಲ ಅಂತ ಹೆದರಿದೆ. ಸುಳ್ಳು ಹೇಳಿದ್ದು ನನ್ನ ತಪ್ಪು, ಅದಕ್ಕ ನನಗೂ ನಾಚಿಕಿ ಐತಿ. ಆದ್ರ ನಿಮ್ಮ ಮಾತು... ಅದು ಭಾಳ ನಟ್ಟೈತ್ರಿ. ತಪ್ಪಾತು ಅಂದು ಹಗುರ ಆಗಿ ಹೋಗಬ್ಯಾಡ್ರಿ."

ನ್ಯಾಯವೇ. ಉಡಚಮ್ಮ ಹೋಗಲಿಲ್ಲ. ಒಲೆಯ ಎದುರಿಗೆ ನೆಲದ ಮೇಲೆ ಕುಳಿತಳು.

"ಹಸಿವಾಗೈತ್ರಿ. ರೊಟ್ಟಿ ಕೊಡ್ರಿ."

"ಏನು?"

"ನಿಮ್ಮ ಕೈದು. ಬೆಂದದ್ದು. ಎಲಿ ಮ್ಯಾಲ ಅಲ್ಲ, ನಿಮ್ಮ ತಾಟಿನಾಗ."

ಗೂಟ ಕೀಳುತ್ತಿದ್ದವರ ಕೈಗಳೆಲ್ಲ ನಿಂತವು. ಎಲ್ಲರೂ ಇತ್ತಲೇ ನೋಡುತ್ತಿದ್ದರು. ಹುಚ್ಚೀರಪ್ಪ ಸರಪಳಿ ಹಿಡಿದು ಕಲ್ಲಿನ ಹಾಗೆ ನಿಂತಿದ್ದ.

"ಬ್ಯಾಡ್ರಿ, ಎದ್ದೇಳ್ರಿ! ನೋಡಾಕತ್ಯಾರ!" ಆದೆಪ್ಪ ಗಾಬರಿಯಾದ.

"ಅವತ್ತೂ ಎಲ್ಲಾರೂ ನೋಡಿದ್ರು. ಇವತ್ತೂ ನೋಡ್ಲಿ!"

ಆದೆಪ್ಪ ಹಂಚಿನತ್ತ ತಿರುಗಿದ. ದಪ್ಪ ದಪ್ಪ, ಅಂಚೆಲ್ಲ ಸೀಳಿದ ರೊಟ್ಟಿಯೊಂದನ್ನು ತಾಟಿಗೆ ಹಾಕಿ ಮುಂದಿಟ್ಟ. ಉಡಚಮ್ಮ ಮುರಿದು ಬಾಯಿಗಿಟ್ಟಳು. ಅಗಿದಳು. ನುಂಗಿದಳು. ಕಣ್ಣೀರು ಕೆನ್ನೆಯಿಂದ ತಾಟಿಗೇ ಇಳಿಯಿತು.

ಸರಪಳಿ ಝಣ್ ಎಂದು ನೆಲಕ್ಕೆ ಬಿತ್ತು. ಹುಚ್ಚೀರಪ್ಪ ಬಂದು ಮಗಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತ. ಬಹಳ ಹೊತ್ತು ತಾಟನ್ನೇ ನೋಡಿದ.

"ಅಪ್ಪಾ, ನಾಳೆ ಕುಲದವರು ಕೂಡಿ ಕೇಳ್ತಾರ" ಎಂದಳು ಉಡಚಮ್ಮ ಮೆಲ್ಲಗೆ.

"ಕೇಳ್ಲಿ. ಬೊಗಸಿ ಒಡ್ಡಿ ನಾನೂ ಕುಡಿದೀನಿ. ಆ ನೀರು ಗಂಟಲದಾಗ ಹೆಂಗ ಇಳೀತೈತಿ ಅಂತ ನನಗ ಗೊತ್ತೈತಿ." ಅವನು ಕೈ ಚಾಚಿದ. "ನನಗೂ ಒಂದು ತುತ್ತು ಕೊಡವಾ."

ಆದೆಪ್ಪ ಟೊಪ್ಪಿಗೆ ತೆಗೆದು ಮುಖ ಮುಚ್ಚಿಕೊಂಡ. ಅವನ ಭುಜಗಳು ಅಲುಗುತ್ತಿದ್ದವು. ಅದನ್ನು ನೋಡಲಾರದೆ ಹುಚ್ಚೀರಪ್ಪ ತುತ್ತು ನುಂಗುತ್ತಲೇ ಎದ್ದು, ಆಳುಗಳನ್ನು ಬೈಯುತ್ತ ಅತ್ತ ಹೋದ.

ಇಬ್ಬರೇ ಉಳಿದರು.

"ರೊಟ್ಟಿ ಹೆಂಗೈತ್ರಿ?" ಕೊನೆಗೆ ಅವನೇ ಕೇಳಿದ.

"ನಡುವ ಹಸೀನ ಐತಿ."

"ಅಯ್ಯೋ... ಬಿಡ್ರಿ, ತಿನ್ನಬ್ಯಾಡ್ರಿ!"

"ಯಾಕ? ಹಸೀದು ತಿಂದ್ರ ಮೈಗೆ ಛಲೋ ಅಂತ ನೀವ ಹೇಳಿದ್ರಲ್ಲ!"

ಅವನು ಅಳುತ್ತಲೇ ನಕ್ಕ. ಅವಳು ಮಾತ್ರ ತಲೆ ತಗ್ಗಿಸಿದಳು. "ಆ ಮಾತು ನಟ್ಟೈತಿ ಅಂದ್ರಲ್ಲ... ಯಾವಾಗ ಹೋದೀತ್ರಿ?"

"ಗೊತ್ತಿಲ್ರಿ. ದಿನಾ ಎದುರಿಗೆ ಕುಂತು ಉಂಡ್ರ ಹೋದೀತು."

ಅವಳು ತಲೆ ಎತ್ತಿದಳು. "ದಿನಾ ಅಂದ್ರ?"

"ಒಂದು ತಿಂಗಳಿಗೆ ಕಾರಟಗಿ ಕೆಲಸ ಮುಗೀತೈತಿ. ಬಂದು ನಿಮ್ಮಪ್ಪನ್ನ ಕೇಳ್ತೀನಿ. ನೀವು ಹೂಂ ಅಂದ್ರ ಅಷ್ಟ."

ಉಡಚಮ್ಮ ಉಳಿದ ಅರ್ಧ ರೊಟ್ಟಿಯನ್ನು ತಾಟಿನ ಸಮೇತ ಅವನ ಕಡೆ ಸರಿಸಿದಳು.

"ಅದು ನೀವು ಮುಟ್ಟಿದ್ದಲ್ಲೇನ್ರಿ?" ಎಂದ ಆದೆಪ್ಪ.

"ಹೂಂ. ಮುಟ್ಟೀನಿ. ಉಣ್ರಿ."

ಅವನು ಉಂಡ.